ಮುಟ್ಟಿನ ದಿನಗಳ ರಾತ್ರಿ ಮತ್ತು ಬೆಳಗು

(ನೆರೂಳದಲ್ಲಿ ಕನ್ನಡ ಮಹಿಳೆಯರನ್ನು ಉದ್ದೇಶಿಸಿ ಮಾಡಿದ ಭಾಷಣ)



ನೆರೂಳಕ್ಕೆ ಲೋಕಲ್ ರೈಲು ಬಂದದ್ದು 1993ರಲ್ಲಿ. ಅಂದಿನಿಂದ ಇಲ್ಲಿಯ ಅನೇಕ ಗೃಹಿಣಿಯರ ಬೆಳಗು ರೈಲಿನ ವೇಳೆಗೆ ಕಟ್ಟುಬಿದ್ದಿದೆ. ನಸುಕಿನಲ್ಲಿ ಎದ್ದು, ನೀರು ತುಂಬಿ, ಮನೆಮಂದಿಗೆ ಊಟದ ಡಬ್ಬಿ ಕಟ್ಟಿ, ಹಾರ್ಬರ್ ಮಾರ್ಗದ ಗಾಡಿ ಹಿಡಿದರೆ ಮುಂಬಯಿಯ ಕೋಟೆ ಭಾಗವನ್ನು ತಲುಪಲು ಒಂದು ಗಂಟೆಗೂ ಹೆಚ್ಚು ಕಾಲ ಬೇಕು. ಈ ಗಾಡಿಗಳಲ್ಲಿ ಶೌಚಾಲಯವಿಲ್ಲ. ಮುಟ್ಟಿನ ದಿನಗಳಲ್ಲಿ ಈ ಪ್ರಯಾಣವೆಷ್ಟು ಕಷ್ಟವೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ರಾತ್ರಿ ಹಾಸಿಗೆ ಕಲೆಯಾದೀತೆಂಬ ಅಂಜಿಕೆ. ಬೆಳಿಗ್ಗೆ ಎದ್ದು ನಿಂತೊಡನೆ ಒಮ್ಮೆಲೇ ಹರಿಯುವ ರಕ್ತದ ಅಂಜಿಕೆ. ತಾಯಿ ಮಗಳೊಡನೆಯೂ ಆಡಲು ಹಿಂಜರಿಯುವ ಈ ಮಾತನ್ನು ಇಂದು ನಾವು ಸಂಕೋಚವಿಲ್ಲದೆ ಆಡೋಣ.

ಮೊದಲು ಕಾರಣವನ್ನು ತಿಳಿಯೋಣ. ಮಲಗಿರುವಾಗ ಗರ್ಭಕೋಶದಿಂದ ಇಳಿದ ರಕ್ತವೆಲ್ಲ ಕೂಡಲೇ ಹೊರಬರುವುದಿಲ್ಲ. ಸ್ವಲ್ಪಭಾಗ ಯೋನಿಮಾರ್ಗದಲ್ಲಿಯೇ ನಿಲ್ಲುತ್ತದೆ. ಎದ್ದು ನಿಂತಾಗ ಭೂಮಿಯ ಸೆಳೆತದಿಂದ ಅದು ಒಟ್ಟಿಗೆ ಇಳಿಯುತ್ತದೆ. ನಿಂತ ರಕ್ತವು ಹೆಪ್ಪುಗಟ್ಟುವುದರಿಂದ ಅದರಲ್ಲಿ ಸಣ್ಣ ಗಡ್ಡೆಗಳೂ ಕಾಣಬಹುದು. ಇಷ್ಟರಿಂದಲೇ ಸ್ರಾವ ಹೆಚ್ಚಾಯಿತೆಂದು ಗಾಬರಿಪಡಬೇಕಾಗಿಲ್ಲ.

ಇನ್ನು ರಾತ್ರಿಯ ಏರ್ಪಾಡು. ಮಲಗಿದಾಗ ರಕ್ತವು ಹಿಂದಕ್ಕೆ ಹರಿಯುತ್ತದೆ. ಆದ್ದರಿಂದ ಉದ್ದವಾದ, ಹಿಂಭಾಗ ಅಗಲವಾದ ಪ್ಯಾಡನ್ನು ತುಸು ಹಿಂದಕ್ಕೆ ಸರಿಸಿ, ಬಿಗಿಯಾಗಿ ಕೂರುವ ಒಳಉಡುಪಿನಲ್ಲಿ ಇಡಬೇಕು. ಒಂದರ ಮೇಲೊಂದು ಎರಡು ಪ್ಯಾಡ್ ಇಡುವವರಿದ್ದಾರೆ. ಮೇಲಿನ ಪ್ಯಾಡಿನ ತಳದಲ್ಲಿ ಸಾಮಾನ್ಯವಾಗಿ ಪ್ಲಾಸ್ಟಿಕ್ ಪದರವಿರುವುದರಿಂದ ರಕ್ತವು ಕೆಳಗಿನದಕ್ಕೆ ಇಳಿಯದೆ ಪಕ್ಕಕ್ಕೆ ಹರಿಯುತ್ತದೆ. ಇದರಿಂದ ಪ್ರಯೋಜನ ಕಡಿಮೆ. ಹಾಸಿಗೆಯ ಮೇಲೆ ಹಳೆಯ ಟವೆಲನ್ನು ಮಡಿಸಿ ಹಾಸಿಕೊಳ್ಳಿರಿ. ಮಲಗುವ ಮುನ್ನ ಪ್ಯಾಡನ್ನು ಬದಲಾಯಿಸಿರಿ. ಹಗಲಿನಲ್ಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸುವುದು ಒಳ್ಳೆಯದು. ಮುಟ್ಟಿನ ಬಟ್ಟಲನ್ನು ಬಳಸುವವರು ತಯಾರಕರು ಸೂಚಿಸಿದ ಅವಧಿಯನ್ನು ಮೀರಬಾರದು. ಟ್ಯಾಂಪನ್ನನ್ನು ಎಂಟು ಗಂಟೆಗಿಂತ ಹೆಚ್ಚು ಕಾಲ ಒಳಗಿಡುವುದು ಅಪಾಯಕರ.

ಬೆಳಿಗ್ಗೆ ಏಳುವಾಗ ಅವಸರ ಬೇಡ. ಟವೆಲನ್ನು ಕೈಗೆ ಸಿಗುವಂತಿಟ್ಟುಕೊಂಡು ನಿಧಾನವಾಗಿ ಎದ್ದು, ನೇರವಾಗಿ ಬಚ್ಚಲಿಗೆ ಹೋಗಿ ಕೆಲವು ನಿಮಿಷ ಕುಳಿತುಕೊಳ್ಳಿರಿ. ತುಂಬಿ ನಿಂತದ್ದು ಇಳಿದುಹೋದ ಮೇಲೆ ತೊಳೆದುಕೊಂಡು ಹೊಸ ಪ್ಯಾಡ್ ಇಟ್ಟುಕೊಂಡರೆ ಪ್ರಯಾಣದಲ್ಲಿ ತೊಂದರೆ ಕಡಿಮೆಯಾಗುತ್ತದೆ. ಇದಕ್ಕಾಗಿ ಹತ್ತು ನಿಮಿಷ ಮುಂಚೆ ಏಳಬೇಕಾದೀತು. ಆ ಹತ್ತು ನಿಮಿಷಗಳ ಮನೆಗೆಲಸವನ್ನು ಮನೆಯ ಇತರರು ವಹಿಸಿಕೊಳ್ಳುವುದು ನ್ಯಾಯ. ದಾರಿಯಲ್ಲಿ ಶೌಚಾಲಯವಿಲ್ಲವೆಂದು ನೀರು ಕುಡಿಯದೆ ಹೊರಡುವ ಅಭ್ಯಾಸವನ್ನು ಬಿಡಬೇಕು. ಅದರಿಂದ ಮೂತ್ರದ ಸೋಂಕಿಗೆ ಅವಕಾಶವಾಗುತ್ತದೆ.

ಬಟ್ಟೆಯನ್ನು ಬಳಸುವುದು ತಪ್ಪಲ್ಲ; ಒದ್ದೆಯಾಗಿ ಬಳಸುವುದು ತಪ್ಪು. ಕಲೆಯಾದ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಬೇಕು. ಬಿಸಿನೀರು ಹಾಕಿದರೆ ಕಲೆ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಅನಂತರ ಸಾಬೂನಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಇಲ್ಲಿಯ ಮಳೆಗಾಲದಲ್ಲಿ ಬಿಸಿಲು ದುರ್ಲಭವಾದಾಗ ಗಾಳಿಯಾಡುವೆಡೆ ಒಣಗಿಸಿ ಇಸ್ತ್ರಿ ಮಾಡಬಹುದು. ನಾಚಿಕೆಯಿಂದ ಬೇರೆ ಬಟ್ಟೆಗಳ ಕೆಳಗೆ ಬಚ್ಚಿಟ್ಟು ಒಣಗಿಸಬಾರದು. ಪ್ಯಾಡುಗಳ ಬೆಲೆ ಭಾರವಾಗುವವರು ಜನೌಷಧಿ ಕೇಂದ್ರಗಳ ‘ಸುವಿಧಾ’ ಪ್ಯಾಡನ್ನು ಕೇಳಬಹುದು. ಒಂದಕ್ಕೆ ಒಂದು ರೂಪಾಯಿಯ ಬೆಲೆಯನ್ನು 2019ರಲ್ಲಿ ನಿಗದಿ ಮಾಡಲಾಯಿತು. ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ, ಗುರುತು ಹಾಕಿ, ಬೇರೆಯಾಗಿ ಕೊಡಿರಿ. ಅದನ್ನು ಎತ್ತುವ ಕೈಯೂ ಒಬ್ಬ ಮನುಷ್ಯನದೇ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಒಂದು ಮುಟ್ಟಿನಲ್ಲಿ ಹೋಗುವ ರಕ್ತವು ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್; 80 ಮೀರಿದರೆ ಅತಿಸ್ರಾವ. ಇದನ್ನು ಮನೆಯಲ್ಲಿ ಅಳೆಯಲಾಗದು. ಆದರೆ ರಾತ್ರಿಯೇ ನಿಮಗೆ ಸೂಚನೆ ಕೊಡುತ್ತದೆ. ಪ್ಯಾಡ್ ಬದಲಾಯಿಸಲೆಂದೇ ಪ್ರತಿ ತಿಂಗಳೂ ನಿದ್ದೆಯಿಂದ ಏಳಬೇಕಾಗುವುದು, ಗಂಟೆಗೊಂದು ಪ್ಯಾಡ್ ಹಲವು ಗಂಟೆಗಳವರೆಗೆ ತೊಯ್ಯುವುದು, ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆಗಳು ಬೀಳುವುದು, ಎಂಟು ದಿನ ಕಳೆದರೂ ನಿಲ್ಲದಿರುವುದು, ಇವು ಸಹಿಸಿಕೊಂಡು ಸುಮ್ಮನಿರುವಂಥವಲ್ಲ. ಇದಕ್ಕೆ ಗರ್ಭಕೋಶದ ನಾರುಗಡ್ಡೆ, ಥೈರಾಯ್ಡ್ ದೋಷ, ಹಾರ್ಮೋನುಗಳ ಏರುಪೇರು, ರಕ್ತ ಹೆಪ್ಪುಗಟ್ಟುವಿಕೆಯ ದೋಷ ಮೊದಲಾದ ಕಾರಣಗಳಿರಬಹುದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರನ್ನು ಕಾಣಲೇಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆಯಿತ್ತು. ಮೆಟ್ಟಿಲು ಹತ್ತುವಾಗಿನ ಏದುಸಿರನ್ನೂ ತಲೆಸುತ್ತನ್ನೂ ಕೆಲಸದ ದಣಿವೆಂದು ತಳ್ಳಿಹಾಕುತ್ತೇವೆ. ಹಿಮೋಗ್ಲೋಬಿನ್ ಪರೀಕ್ಷೆಗೆ ಕೆಲವು ಹನಿ ರಕ್ತ ಸಾಕು. ಗರ್ಭಿಣಿಯಲ್ಲದ ಸ್ತ್ರೀಗೆ ಅದು 12 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಸೊಪ್ಪು, ಕಾಳು, ನಿಂಬೆರಸ ಊಟದಲ್ಲಿರಲಿ. ಊಟದೊಡನೆ ಚಹಾ ಬೇಡ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ನಡುವೆ ಬಿಡಬಾರದು. ವೈದ್ಯರಲ್ಲಿಗೆ ಹೋದರೆ ಗರ್ಭಕೋಶವನ್ನೇ ತೆಗೆದುಬಿಡುತ್ತಾರೆಂದು ಹೆದರುವವರಿದ್ದಾರೆ. ಅತಿಸ್ರಾವವನ್ನು ಅನೇಕರಲ್ಲಿ ಔಷಧಿಗಳಿಂದಲೇ ಹತೋಟಿಗೆ ತರಬಹುದು.

ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮ ಶರಣರು ಮುಟ್ಟಿನ ಸೂತಕವನ್ನು ಅಲ್ಲಗಳೆದರು. ಆ ನಾಡಿನಿಂದ ಬಂದ ನಾವು ಮೌನದ ಸೂತಕವನ್ನೂ ಕಳೆಯೋಣ. ಇಂದು ರಾತ್ರಿ ನಿಮ್ಮ ಮಗಳನ್ನು, ಸೊಸೆಯನ್ನು ಬಳಿ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿರಿ: “ಮುಟ್ಟಿನ ದಿನ ನಿನಗೆ ನಿದ್ದೆ ಬರುತ್ತದೆಯೇ?” ಇಲ್ಲವೆಂದರೆ, ಅವಳೊಡನೆ ವೈದ್ಯರಲ್ಲಿಗೆ ಹೋಗಿರಿ.