ಅಡಿಗೆಮನೆಯಲ್ಲಿ ಮಕ್ಕಳ ಪಾಲು



ಮಕ್ಕಳು ಸೊಪ್ಪು ತರಕಾರಿಗಳನ್ನು ಮುಟ್ಟುವುದಿಲ್ಲ, ಕಾಳಿನ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳುತ್ತಾರೆ, ಅಂಗಡಿಯ ಪೊಟ್ಟಣವನ್ನು ಕಂಡರೆ ಮಾತ್ರ ಅವರ ಮುಖವರಳುತ್ತದೆ ಎಂಬುದು ಈಗ ಮನೆಮನೆಯ ದೂರು. ಅದೇ ತಾಯಂದಿರ ಬಾಯಲ್ಲಿ ಇನ್ನೊಂದು ದೂರೂ ಕೇಳಿಬರುವುದುಂಟು: ಮಕ್ಕಳು ಮನೆಯಲ್ಲಿ ಇತ್ತಣ ಕಡ್ಡಿಯನ್ನು ಅತ್ತ ಎತ್ತಿಡುವುದಿಲ್ಲ ಎಂದು. ಮೊದಲನೆಯದಕ್ಕೆ ನಾವು ವೈದ್ಯರ ಸಲಹೆಯನ್ನು ಕೇಳುತ್ತೇವೆ. ಎರಡನೆಯದಕ್ಕೆ ಮಕ್ಕಳನ್ನು ಗದರಿಸಿ ಸುಮ್ಮನಾಗುತ್ತೇವೆ. ಇವೆರಡೂ ಒಂದೇ ಬೇರಿನಿಂದ ಹೊರಟ ಎರಡು ಕವಲುಗಳೆಂಬುದು ನನ್ನ ಅಭಿಪ್ರಾಯ. ಈ ದಿನ ಅದನ್ನೇ ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಒಳ್ಳೆಯ ಆಹಾರವನ್ನು ಕುರಿತು ಉಪದೇಶಿಸತಕ್ಕವರು ಸಾಮಾನ್ಯವಾಗಿ ಒಂದು ಸಂಗತಿಯನ್ನು ಮರೆಯುತ್ತಾರೆ. ಆರೋಗ್ಯಕ್ಕೆ ಹಿತವಾದ ಊಟವೆಂದರೆ ಬಹುಮಟ್ಟಿಗೆ ಕೈಕೆಲಸದ ಊಟ. ನಮ್ಮ ಹಳೆಯ ಮೈಸೂರಿನ ಸೀಮೆಯ ಬಸ್ಸಾರನ್ನೇ ತೆಗೆದುಕೊಳ್ಳಿ. ದಂಟಿನ ಸೊಪ್ಪನ್ನೋ ಕೀರೆಯನ್ನೋ ಎಲೆಯೆಲೆಯಾಗಿ ಬಿಡಿಸಬೇಕು; ಮಣ್ಣು ಹೋಗುವವರೆಗೆ ಮೂರು ನಾಲ್ಕು ನೀರಿನಲ್ಲಿ ತೊಳೆಯಬೇಕು; ಕಾಳನ್ನು ಕಲ್ಲು ಕಡ್ಡಿಯಿಲ್ಲದಂತೆ ಆರಿಸಿ ಬೇಯಿಸಬೇಕು; ಬೆಂದ ಕಟ್ಟನ್ನು ಬಸಿದು ಅದಕ್ಕೆ ಖಾರವನ್ನು ರುಬ್ಬಿ ಸೇರಿಸಬೇಕು; ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡಬೇಕು. ಸೊಪ್ಪು ಬೆಂದ ನೀರನ್ನು ಸಹ ಚೆಲ್ಲದೆ ಸಾರಿಗೆ ಬಳಸುವ ಈ ಕ್ರಮ ಎಷ್ಟು ವಿವೇಕದಿಂದ ಕೂಡಿದುದೆಂದು ಇಂದಿನ ಆಹಾರಶಾಸ್ತ್ರವನ್ನು ಬಲ್ಲವರು ಒಪ್ಪುತ್ತಾರೆ. ಆದರೆ ಇದಕ್ಕೆ ಒಂದು ಗಂಟೆಗೆ ಮೇಲ್ಪಟ್ಟು ಹೊತ್ತು ಹಿಡಿಯುತ್ತದೆ. ಪೊಟ್ಟಣದ ಶಾವಿಗೆಗೆ ಬಿಸಿನೀರು ಹುಯ್ಯುವುದಕ್ಕೆ ಐದು ನಿಮಿಷ ಸಾಕು. ಪೊಟ್ಟಣವು ನಾಲಗೆಯನ್ನು ಗೆಲ್ಲುವುದಕ್ಕೆ ಮೊದಲು ತಾಯಿಯ ಆಯಾಸವನ್ನು ಗೆದ್ದು ಮನೆಯನ್ನು ಹೊಕ್ಕಿತು. ಇದನ್ನು ತಿಳಿಯದೆ ಪೊಟ್ಟಣವನ್ನು ಬೈಯುವುದರಿಂದ ಪ್ರಯೋಜನವಿಲ್ಲ.

ಆ ಆಯಾಸ ಎಷ್ಟೆಂಬುದಕ್ಕೆ ಲೆಕ್ಕವೂ ಇದೆ. ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬುದನ್ನು ತಿಳಿಯಲು 2019ರಲ್ಲಿ ಭಾರತ ಸರ್ಕಾರವು ದೇಶದಲ್ಲೆಲ್ಲ ಒಂದು ಸಮೀಕ್ಷೆಯನ್ನು ನಡೆಸಿತು. ಆರು ವರ್ಷ ತುಂಬಿದವರೆಲ್ಲರೂ ಆ ಲೆಕ್ಕದಲ್ಲಿ ಸೇರಿದ್ದರು. ಅದರಂತೆ, ಸಂಬಳವಿಲ್ಲದ ಮನೆಗೆಲಸಕ್ಕೆ ದಿನವೊಂದರಲ್ಲಿ ಕೈಹಾಕಿದವರು ಹೆಂಗಸರಲ್ಲಿ ನೂರಕ್ಕೆ 81 ಮಂದಿ, ಗಂಡಸರಲ್ಲಿ ನೂರಕ್ಕೆ 26 ಮಂದಿ. ಹಾಗೆ ಕೈಹಾಕಿದವರಲ್ಲಿಯೂ ಹೆಂಗಸರು ಕಳೆದ ಹೊತ್ತು ಸರಾಸರಿ 299 ನಿಮಿಷ, ಗಂಡಸರು ಕಳೆದುದು 97 ನಿಮಿಷ. ಇಂತಹ ಮನೆಗೆ ಹೋಗಿ, “ನಾಳೆಯಿಂದ ದಿನವೂ ಸೊಪ್ಪು ಮಾಡಿ, ಕಾಳು ಮೊಳಕೆ ಕಟ್ಟಿ, ಮುದ್ದೆ ತಿರುವಿ” ಎಂದು ಬುದ್ಧಿ ಹೇಳುವುದು ಐದು ಗಂಟೆ ದುಡಿದವಳಿಗೆ ಆರನೆಯ ಗಂಟೆಯನ್ನು ಹೊರಿಸಿದಂತೆ. ಊಟದ ಸುಧಾರಣೆ ಬೇಕೆನ್ನುವವರು ಮೊದಲು ಕೆಲಸವನ್ನು ಹಂಚಬೇಕು.

ಹಿಂದೆ ಎಲ್ಲವೂ ಸರಿಯಾಗಿದ್ದಿತೆಂದು ನಾನು ಹೇಳುತ್ತಿಲ್ಲ. ನಮ್ಮ ಅಜ್ಜಿಯರು ಕೋಳಿ ಕೂಗುವ ಮುನ್ನ ಎದ್ದು ಬೀಸುವ ಕಲ್ಲಿನ ಮುಂದೆ ಕೂತದ್ದನ್ನು ಹಾಡಿ ಹೊಗಳುವುದು ಸುಲಭ, ಬೀಸುವುದು ಕಷ್ಟ. ಗಿರಣಿ ಬಂದು ಆ ಹೊರೆಯನ್ನು ಇಳಿಸಿತು. ಆದರೆ ಗಿರಣಿಯು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡದ್ದೂ ನಿಜ. ಕೊಟ್ಟಣದ ಅಕ್ಕಿಯಲ್ಲಿ ಉಳಿಯುತ್ತಿದ್ದ ತೌಡು ಗಿರಣಿಯ ಮೆರುಗಿನಲ್ಲಿ ಉದುರಿಹೋಯಿತು. ಅದರೊಡನೆ ಬಿ ಒಂದನೆಯ ಜೀವಸತ್ತ್ವವೂ ಬಹುಪಾಲು ಹೋಯಿತು. ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರು 1890ರ ದಶಕದಲ್ಲಿ ಬೆಳ್ಳಗಿನ ಅನ್ನವನ್ನೇ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡುಳ್ಳ ಅಕ್ಕಿಯನ್ನು ತಿಂದೊಡನೆ ಚೇತರಿಸಿಕೊಳ್ಳುವುದನ್ನೂ ಕಂಡರು. ಆ ಕೆಲಸಕ್ಕಾಗಿ 1929ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಬೀಸುವ ಕಲ್ಲನ್ನು ಮತ್ತೆ ಅಡಿಗೆಮನೆಗೆ ತರಬೇಕಾದ ಅಗತ್ಯವಿಲ್ಲ. ಕಲ್ಲಿಗೆ ಬೇಕಾದ ತೋಳು ಮಕ್ಕಳಿಗಿಲ್ಲ. ಆದರೆ ಬಿಡಿಸುವುದಕ್ಕೆ, ಆರಿಸುವುದಕ್ಕೆ, ತೊಳೆಯುವುದಕ್ಕೆ, ನೆನೆಹಾಕುವುದಕ್ಕೆ ಬೇಕಾದ ಬೆರಳುಗಳು ಬೇಕಾದಷ್ಟಿವೆ.

ಅವರೆಕಾಯಿಯ ಕಾಲವನ್ನು ನೆನೆಯಿರಿ. ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಸೊಗಡಿನ ಅವರೆ ಸಂತೆಗೆ ಬಂದಾಗ ಜಗುಲಿಯ ಮೇಲೆ ರಾಶಿ ಸುರಿದು ಮನೆಮಂದಿಯೆಲ್ಲ ಸುತ್ತ ಕೂರುವುದುಂಟು. ಸುಲಿದ ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿದುಕಿದರೆ ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ಐದು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಆಟವಿಲ್ಲ. ಹಿರಿಯರಿಗೆ ಇದಕ್ಕಿಂತ ಬೇಸರದ ಕೆಲಸವಿಲ್ಲ. ಒಂದು ಬೇಳೆ ತಮ್ಮನ ಮೂಗಿಗೆ ತಗಲುತ್ತದೆ, ಇನ್ನೊಂದು ಬೀರುವಿನ ಕೆಳಗೆ ಹೋಗುತ್ತದೆ. ಹೋಗಲಿ. ಉಳಿದದ್ದರಿಂದ ಆದ ಹಿದುಕವರೆಯ ಸಾರನ್ನು ಆ ಮಗು ಬೇಡವೆನ್ನುವುದು ಅಪೂರ್ವ. “ಇದು ನಾನು ಹಿದುಕಿದ್ದು” ಎಂದು ಮನೆಗೆ ಬಂದವರಿಗೆಲ್ಲ ತೋರಿಸುತ್ತದೆ. ಯಾವ ಪದಾರ್ಥದ ಮೇಲೆ ತನ್ನ ಬೆರಳು ಆಡಿದೆಯೋ ಅದು ಮಗುವಿಗೆ ಪರಕೀಯವಾಗಿ ಉಳಿಯುವುದಿಲ್ಲ. ಹೊಸ ರುಚಿಯೊಂದು ನಾಲಗೆಗೆ ಒಗ್ಗಬೇಕಾದರೆ ಮಗು ಅದನ್ನು ಅನೇಕ ಸಾರಿ, ಕೆಲವೊಮ್ಮೆ ಹತ್ತಕ್ಕೂ ಮೇಲ್ಪಟ್ಟು, ಕಾಣಬೇಕು, ಮೂಸಬೇಕು, ಚೂರು ಕಚ್ಚಬೇಕು ಎಂದು ಮಕ್ಕಳ ಊಟವನ್ನು ಪರಿಶೀಲಿಸಿದವರು ಹೇಳುತ್ತಾರೆ. ಮೆಂತ್ಯದ ಸೊಪ್ಪನ್ನು ಬಿಡಿಸುತ್ತ ಕೂತ ಮಗು ಊಟಕ್ಕೆ ಕೂರುವ ಮುನ್ನವೇ ಅದರ ಅರ್ಧ ಪರಿಚಯವನ್ನು ಮಾಡಿಕೊಂಡಿರುತ್ತದೆ.

ಇಲ್ಲಿ ಒಂದು ಎಚ್ಚರ. ಪಲ್ಯವನ್ನು ತಿಂದರೆ ಮಿಠಾಯಿ ಕೊಡುತ್ತೇನೆಂದು ಆಸೆ ತೋರಿಸುವ ಪದ್ಧತಿ ಕೆಟ್ಟದ್ದು. ಪಲ್ಯವು ಔಷಧ, ಮಿಠಾಯಿಯೇ ಪುರುಷಾರ್ಥ ಎಂಬ ಪಾಠವನ್ನು ಮಗು ಅದರಿಂದ ಕಲಿಯುತ್ತದೆ. ಕೆಲಸಕ್ಕೆ ಕಾಸು ಕೊಡುವುದೂ ಅಂತಹುದೇ. ತಾನು ಉಂಡ ತಟ್ಟೆಯನ್ನು ತೊಳೆಯುವುದಕ್ಕೆ ಕೂಲಿ ಪಡೆದ ಹುಡುಗನು ಮನೆಯಲ್ಲಿ ಮಗನಾಗಿರದೆ ಕೂಲಿಯವನಾಗುತ್ತಾನೆ. ನಾಳೆ ದರವನ್ನೂ ಏರಿಸುತ್ತಾನೆ. ಇನ್ನು ತಪ್ಪಿಗೆ ಶಿಕ್ಷೆಯೆಂದು ಕಸಪೊರಕೆಯನ್ನು ಕೊಡುವವರಂತೂ ಪೊರಕೆಗೇ ಅವಮಾನ ಮಾಡುತ್ತಾರೆ.

ಹಿರಿಯರು ಮಾಡದ ಕೆಲಸವನ್ನು ಮಕ್ಕಳು ಮನಸ್ಸಿಟ್ಟು ಮಾಡುವುದಿಲ್ಲ. 1910ರಲ್ಲಿ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನ ಬಳಿ ಆರಂಭವಾದ ಟಾಲ್‌ಸ್ಟಾಯ್ ಆಶ್ರಮದಲ್ಲಿ ಆಳುಗಳಿರಲಿಲ್ಲ. ಅಡಿಗೆಯಿಂದ ಹಿಡಿದು ಕಕ್ಕಸಿನ ಚೊಕ್ಕಟದವರೆಗೆ ಎಲ್ಲವನ್ನೂ ಅಲ್ಲಿದ್ದವರೇ ಮಾಡುತ್ತಿದ್ದರು. ಮಕ್ಕಳಿಗೂ ಅದರಲ್ಲಿ ಪಾಲಿತ್ತು. ಉಪಾಧ್ಯಾಯರು ತಾವು ಮಾಡದಿರುವುದನ್ನು ಮಕ್ಕಳಿಗೆ ಹೇಳಕೂಡದೆಂಬ ನಿಯಮವನ್ನು ಗಾಂಧೀಜಿಯವರು ಅಲ್ಲಿ ಇಟ್ಟಿದ್ದರು. ನಮ್ಮ ಮನೆಗಳಲ್ಲಿ ತಂದೆಯು ಆರಾಮಕುರ್ಚಿಯಲ್ಲಿ ಒರಗಿ, “ಹೋಗೋ, ಅಮ್ಮನಿಗೆ ಸಹಾಯ ಮಾಡೋ” ಎಂದು ಅಪ್ಪಣೆ ಕೊಡಿಸುತ್ತಾರೆ. ಹುಡುಗನು ಕಲಿಯುವುದು ಆ ಅಪ್ಪಣೆಯ ಅರ್ಥವನ್ನಲ್ಲ, ಆರಾಮಕುರ್ಚಿಯ ಸುಖವನ್ನು. ತಂದೆಯು ತಾನೇ ಸೊಪ್ಪಿನ ಮುಂದೆ ಕೂತರೆ ಮಗನನ್ನು ಕರೆಯಬೇಕಾದ ಅಗತ್ಯವೇ ಬರುವುದಿಲ್ಲ.

ಗಂಡು ಹೆಣ್ಣುಗಳ ಭೇದವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಕ್ಕನ ಕೈಗೆ ಪೊರಕೆ, ತಮ್ಮನ ಕೈಗೆ ಕ್ರಿಕೆಟ್ ದಾಂಡು ಕೊಡುವ ಮನೆಗಳು ಇಂದಿಗೂ ಕಡಮೆಯಾಗಿಲ್ಲ. ಹಾಗಿರುವಲ್ಲಿ ನಾನು ಹೇಳಿದ ಹಂಚಿಕೆಯು ಹೊರೆಯನ್ನು ತಾಯಿಯ ತಲೆಯಿಂದ ಮಗಳ ತಲೆಗೆ ದಾಟಿಸುತ್ತದೆ, ಅಷ್ಟೇ. ಅದಕ್ಕಿಂತ ಏನನ್ನೂ ಮಾಡದಿರುವುದೇ ಮೇಲು. ಹಸಿವಿಗೆ ಆ ಭೇದವಿಲ್ಲ. ಹನ್ನೆರಡು ವರ್ಷದ ಹುಡುಗನಿಗೆ ಹಿರಿಯರ ಕಣ್ಣೆದುರಿನಲ್ಲಿ ಅನ್ನ ಮಾಡುವುದಕ್ಕೆ, ಮಜ್ಜಿಗೆ ಕಡೆಯುವುದಕ್ಕೆ ಬರಬೇಕು.

ಎಲ್ಲ ಮನೆಗಳೂ ಒಂದೇ ರೀತಿಯವಲ್ಲ. ತಮ್ಮಂದಿರನ್ನು ಎತ್ತಿಕೊಂಡು, ದನ ಮೇಯಿಸಿ, ನೀರು ಹೊತ್ತು, ಶಾಲೆಗೆ ಹೋಗಲು ಹೊತ್ತಿಲ್ಲದ ಮಕ್ಕಳು ಈಗಲೂ ಇದ್ದಾರೆ. ಅವರಿಗೆ ಬೇಕಾದುದು ಬಿಡುವು. ನನ್ನ ಮಾತು ಕೆಲಸದ ಗಂಧವೇ ಇಲ್ಲದೆ ಬೆಳೆಯುತ್ತಿರುವ ಮಕ್ಕಳ ಮನೆಗಳಿಗೆ. ಅಲ್ಲಿಯೂ ಓದಿಗೆ, ಆಟಕ್ಕೆ, ನಿದ್ರೆಗೆ ಭಂಗ ಬರಕೂಡದು. ದಿನಕ್ಕೆ ಅರ್ಧ ಗಂಟೆ ಸಾಕು. ಒಲೆಯ ಉರಿ, ಕುದಿಯುವ ಎಣ್ಣೆ, ಈಳಿಗೆಮಣೆ, ಇವು ಸಣ್ಣವರ ಕೈಗೆ ಎಟುಕದಿರಲಿ. ಮೊದಮೊದಲು ಮಗು ಮಾಡುವ ಕೆಲಸ ನಿಧಾನ; ಚೆಲ್ಲುವುದೂ ಹೆಚ್ಚು. “ನೀನು ಹೋಗು, ನಾನೇ ಬೇಗ ಮಾಡಿಕೊಳ್ಳುತ್ತೇನೆ” ಎಂದು ತಾಯಿ ಹೇಳುವುದು ಸಹಜ. ಆ ಮಾತನ್ನು ಹತ್ತು ಸಾರಿ ಕೇಳಿದ ಮಗು ಹನ್ನೊಂದನೆಯ ಸಾರಿ ತಾನಾಗಿ ಬರುವುದಿಲ್ಲ. ಅವಸರವಿಲ್ಲದ ಭಾನುವಾರ ಕಲಿಸಬೇಕು.

ಇಷ್ಟು ಶ್ರಮ ಏತಕ್ಕೆ ಎಂದು ಕೇಳುವವರಿಗೆ ಎರಡು ಮೂರು ಅಂಕಿಗಳನ್ನು ಹೇಳುತ್ತೇನೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಈ ದೇಶದ ಐದು ವರ್ಷದೊಳಗಿನ ಶಿಶುಗಳಲ್ಲಿ, ಆರು ತಿಂಗಳು ತುಂಬಿದವರ ಪೈಕಿ, ನೂರಕ್ಕೆ 67 ಮಂದಿಗೆ ರಕ್ತಹೀನತೆಯಿತ್ತು. ಕಬ್ಬಿಣದ ಅಂಶದ ಕೊರತೆ ಅದಕ್ಕೆ ಒಂದು ಮುಖ್ಯ ಕಾರಣ. ಸೊಪ್ಪು ಕಾಳುಗಳಲ್ಲಿ ಕಬ್ಬಿಣವುಂಟು. ಆದರೆ ಅದು ಮೈಗೆ ಹತ್ತುವುದು ಸ್ವಲ್ಪ. ಊಟದೊಡನೆ ನಿಂಬೆಯ ರಸವನ್ನು ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ. ಊಟದೊಡನೆ ಕಾಫಿ ಟೀ ಕುಡಿದರೆ ಕಡಮೆಯಾಗುತ್ತದೆ. ಹೀಗಿರುವಾಗ ಪಂಕ್ತಿಯಲ್ಲಿ ನಿಂಬೆಯ ಹೋಳನ್ನು ಬಡಿಸುವ ಆರು ವರ್ಷದ ಹುಡುಗಿಯ ಕೆಲಸ ಸಾಮಾನ್ಯವಾದುದಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ತ್ವವಿದೆ; ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಹತ್ತರ ಸುಮಾರು. ಎಂದಮೇಲೆ ಮುದ್ದೆಯನ್ನು ಬಡವರ ಊಟವೆಂದು ಮೂಗು ಮುರಿಯುವುದು ವಿವೇಕವಲ್ಲ.

ದೊಡ್ಡ ಮಕ್ಕಳಿಗೆ ಲೆಕ್ಕದ ಕೆಲಸವನ್ನೂ ಕೊಡಬಹುದು. ಸೀಸೆಯ ಸಿಹಿ ಪಾನೀಯದ ಹಣೆಪಟ್ಟಿಯಲ್ಲಿ ಸಕ್ಕರೆ ಎಷ್ಟೆಂದು ಅಚ್ಚಾಗಿರುತ್ತದೆ. ನೂರು ಮಿಲಿಲೀಟರಿಗೆ 10 ಗ್ರಾಂ ಎಂದಿದ್ದರೆ, ಮುನ್ನೂರು ಮಿಲಿಲೀಟರಿಗೆ 30 ಗ್ರಾಂ. ಐದು ಗ್ರಾಮಿನ ಚಮಚದಲ್ಲಿ ಆರು ಚಮಚ. ಆ ಆರು ಚಮಚ ಸಕ್ಕರೆಯನ್ನು ಮಗುವೇ ಅಳೆದು ಒಂದು ಲೋಟಕ್ಕೆ ಹಾಕಿ ನೋಡಲಿ. ನಾವು ಪ್ರವಚನ ಮಾಡಬೇಕಾದ ಅಗತ್ಯವಿಲ್ಲ. ಲೋಟವನ್ನು ಮೇಜಿನ ಮೇಲೆ ಒಂದು ದಿನ ಹಾಗೆಯೇ ಬಿಟ್ಟರೆ ಸಾಕು.

ಮನೆಯಲ್ಲಿ ಆಗದ್ದನ್ನು ಶಾಲೆಯಲ್ಲಿ ಆಗಮಾಡಿದವರೂ ಉಂಟು. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಮಧ್ಯಾಹ್ನ ಮಕ್ಕಳೇ ಸರದಿಯ ಮೇಲೆ ಬಿಳಿಯ ಅಂಗಿ ಟೋಪಿಗಳನ್ನು ತೊಟ್ಟು ತರಗತಿಗೆ ಊಟವನ್ನು ತಂದು ಬಡಿಸುತ್ತಾರೆ. ಅನಂತರ ಪಾತ್ರೆಗಳನ್ನು ಹಿಂದಕ್ಕೆ ಒಪ್ಪಿಸುತ್ತಾರೆ. 2005ರಲ್ಲಿ ಆ ದೇಶವು ಆಹಾರಶಿಕ್ಷಣಕ್ಕೆಂದೇ ಒಂದು ಕಾನೂನನ್ನು ಮಾಡಿತು. ನಮ್ಮಲ್ಲಿ ಕಾನೂನಿಗೆ ಕಾಯಬೇಕಾಗಿಲ್ಲ.

ಅವರೆಯ ಕಾಲವಲ್ಲದಿದ್ದರೆ ಹೆಸರುಕಾಳಿನಿಂದ ಆರಂಭಿಸಬಹುದು. ಈ ರಾತ್ರಿ ಮಲಗುವ ಮುನ್ನ ಮಗು ಒಂದು ಹಿಡಿ ಕಾಳನ್ನು ಆರಿಸಿ ತೊಳೆದು ನೆನೆಹಾಕಲಿ. ನಾಳೆ ಬೆಳಿಗ್ಗೆ ನೀರನ್ನು ಬಸಿದು ತೆಳುವಾದ ಒದ್ದೆ ಬಟ್ಟೆಯಲ್ಲಿ ಕಟ್ಟಿಡಲಿ. ಸಂಜೆ ಬಟ್ಟೆಗೆ ನೀರು ಚಿಮುಕಿಸುವುದೂ ಅದರ ಕೆಲಸವೇ. ನಡುವೆ ನಾಲ್ಕು ಸಾರಿ ಗಂಟನ್ನು ಬಿಚ್ಚಿ ನೋಡುತ್ತದೆ, ನೋಡಲಿ. ನಾಡಿದ್ದು ಬೆಳಿಗ್ಗೆ ಬಿಳಿಯ ಮೂತಿಗಳು ಹೊರಗೆ ಇಣುಕುತ್ತಿರುತ್ತವೆ. ಅದನ್ನು ಆವಿಯಲ್ಲಿ ಸ್ವಲ್ಪ ಬೇಯಿಸಿ ಸೌತೆಕಾಯಿಯ ಚೂರು, ಕಾಯಿತುರಿ, ನಿಂಬೆರಸ, ಚಿಟಿಕೆ ಉಪ್ಪು ಸೇರಿಸಿ ಕೋಸಂಬರಿ ಮಾಡುವುದು ಹಿರಿಯರ ಪಾಲು. ಬಡಿಸುವುದು ಮಾತ್ರ ಮೊಳಕೆ ಕಟ್ಟಿದವರಿಗೇ ಬಿಟ್ಟದ್ದು.