ಹಳೆಯ ಹೊಲಿಗೆ ಯಂತ್ರ ಮತ್ತು ಕಾರಣದ ಶೋಧ

(ಹುಣಸಗಿಯಲ್ಲಿ ಶ್ರಾವಣ ಮಾಸದ ಒಂದು ಸಂಜೆ ಪೂಜ್ಯರು ದಯಪಾಲಿಸಿದ ಪ್ರವಚನ)



ನಿನ್ನೆ ಪ್ರವಚನ ಮುಗಿದ ಬಳಿಕ ಐದಾರು ಜನ ತಾಯಂದಿರು ಬಂದು, "ಬುದ್ಧಿ, ಹೋದ ಬ್ಯಾಸಗ್ಯಾಗ ಹೊಲಿಗಿ ಮಶೀನ್ ಮಠದಾಗ ರಿಪೇರಿ ಆತಂತಲ್ರಿ, ಅದೇನಂತ ನಮಗೂ ಹೇಳ್ರಿ" ಎಂದು ಕೇಳಿದರು. ಮಠದಲ್ಲಿ ಯಂತ್ರ ಸರಿಯಾಯಿತೆಂಬ ಸುದ್ದಿ ಊರಲ್ಲಿ ಹಬ್ಬುತ್ತ ಹಬ್ಬುತ್ತ, ಅದನ್ನು ಸ್ವಾಮಿಗಳೇ ಸರಿಮಾಡಿದರೆಂಬಲ್ಲಿಗೆ ಬಂದು ನಿಂತಿದೆ. ಸಂಗತಿ ಹಾಗಿಲ್ಲ. ನಾವು ಆ ಯಂತ್ರವನ್ನು ಇನ್ನಷ್ಟು ಕೆಡಿಸಿದೆವು, ಸರಿಮಾಡಿದವರು ಬೇರೆಯವರು. ನಡೆದದ್ದನ್ನು ನಡೆದಂತೆಯೇ ಇಂದು ಹೇಳಿಬಿಡುತ್ತೇವೆ.

ಆ ತಂಗಿಯ ಹೆಸರು ಬೇಡ. ಗಂಡ ತೀರಿಕೊಂಡಿದ್ದಾನೆ, ಇಬ್ಬರು ಮಕ್ಕಳು. ನಾರಾಯಣಪುರದ ಕಾಲುವೆಯ ನೀರು ಬಂದ ಮೇಲೆ ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಭತ್ತದ ನಾಟಿಯ ಕೂಲಿ ಸಿಗುತ್ತದೆಂಬುದು ನಿಜ. ಆದರೆ ಮೊಣಕಾಲು ಬಾತವರಿಗೆ ಕೆಸರಿನಲ್ಲಿ ಬಗ್ಗಿ ನಿಲ್ಲುವುದಾಗುವುದಿಲ್ಲ. ಅವಳು ತವರಿನಲ್ಲಿದ್ದಾಗ ಹೊಲಿಗೆ ಕಲಿತಿದ್ದಳು. ಮಹಿಳಾ ಸಂಘದಲ್ಲಿ ಸಾಲ ಎತ್ತಿ, ಕಾಲಿನಿಂದ ತುಳಿಯುವ ಹಳೆಯ ಕರಿ ಮಶೀನೊಂದನ್ನು ಕೊಂಡಳು. ಅದರ ಮೈಮೇಲಿನ ಬಂಗಾರ ಬಣ್ಣದ ಬಳ್ಳಿ ಅರ್ಧ ಅಳಿಸಿತ್ತು. ಯಾವ ಕಂಪನಿಯದೆಂದು ಓದಲು ಬರುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದರೊಳಗೆ 18 ಮಕ್ಕಳ ಅಂಗಿ ಹೊಲಿದು ಕೊಡುವೆನೆಂದು ಮಾತು ಕೊಟ್ಟು, ಅರಿವೆಯನ್ನೂ ತಂದು ಮನೆಯಲ್ಲಿಟ್ಟುಕೊಂಡಿದ್ದಳು.

ಯಂತ್ರ ಮನೆಗೆ ಬಂದ ಮರುದಿನವೇ ತೊಂದರೆ ಶುರುವಾಯಿತು. ಒಬ್ಬರು ದೃಷ್ಟಿ ತಾಗಿದೆ ಎಂದು ಚಕ್ರಕ್ಕೆ ನಿಂಬೆಹಣ್ಣು ಕಟ್ಟಿದರು. ಇನ್ನೊಬ್ಬರು ಗುಜರಿಗೆ ಹಾಕು ಎಂದರು. ನಾಲ್ಕನೆಯ ದಿನ ಅವಳು ಹೊಲಿದ ತುಂಡೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಠಕ್ಕೆ ಬಂದಳು. "ಅಪ್ಪಾರ, ಮ್ಯಾಲ ನೋಡಿದ್ರ ಹೊಲಿಗಿ ಛಲೋ ಕಾಣತದ್ರಿ. ಕೆಳಗ ನೋಡಿದ್ರ ಬರೇ ಗುಂಗರ ಗುಂಗರ ದಾರ. ಸಾಲದ ಕಂತು ಹೆಂಗ ಕಟ್ಟಲ್ರಿ?" ಎಂದಳು.

ನಾವು ತುಂಡನ್ನು ತಿರುವಿ ನೋಡಿದೆವು. ಗಂಟೆಲ್ಲ ಕೆಳಗಿದ್ದವು. ಕೆಳಗೆ ಬಾಬಿನ್ ಇರುವ ಡಬ್ಬಿಗೆ ಒಂದು ಸಣ್ಣ ಸ್ಕ್ರೂ ಇರುತ್ತದೆಂದು ನಮಗೆ ಗೊತ್ತಿತ್ತು. "ತಂಗಿ, ಕೆಳಗಿನ ದಾರ ಸಡಿಲಾಗಿದೆ, ಆ ಸ್ಕ್ರೂ ಬಿಗಿ ಮಾಡು" ಎಂದೆವು. ಸ್ವಾಮಿಗಳ ಮಾತೆಂದು ಅವಳು ನಂಬಿ ಹಾಗೆಯೇ ಮಾಡಿದಳು. ಮರುದಿನ ಗಂಟು ಇಮ್ಮಡಿಯಾದವು, ಮೇಲಾಗಿ ಕೆಳಗಿನ ದಾರ ಪಟಪಟನೆ ಹರಿಯತೊಡಗಿತು.

ನೋಡಿರಿ, ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದವರು ನಾವು. ಕಾರ್ಯಕ್ಕೆ ಮೊದಲು ನಿಯತವಾಗಿ ಇರುವುದೇ ಕಾರಣವೆಂದು ಓದಿದ್ದೆವು. ಕುಂಬಾರನ ಕತ್ತೆಯ ದೃಷ್ಟಾಂತವನ್ನು ಎಷ್ಟು ಸಲ ಪರರಿಗೆ ಹೇಳಿದ್ದೇವೋ ಲೆಕ್ಕವಿಲ್ಲ. ಗಡಿಗೆಯ ಮಣ್ಣನ್ನು ಕತ್ತೆ ಹೊತ್ತು ತಂದರೂ ಗಡಿಗೆಗೆ ಕತ್ತೆ ಕಾರಣವಲ್ಲ; ಮಣ್ಣು ಬಂಡಿಯಲ್ಲಿ ಬಂದರೂ ಗಡಿಗೆಯಾಗುತ್ತದೆ. ಹತ್ತಿರದಲ್ಲಿ ಕಂಡದ್ದೆಲ್ಲ ಕಾರಣವಲ್ಲ ಎಂಬುದು ಅದರ ತಾತ್ಪರ್ಯ. ಹೀಗಿದ್ದೂ ಯಂತ್ರದ ಮುಂದೆ ನಾವು ಕತ್ತೆಯನ್ನೇ ಹಿಡಿದೆವು.

ಆಗ ಕೆಂಭಾವಿಯ ಕಡೆಯಿಂದ ಒಬ್ಬ ಮುಪ್ಪಿನ ಸಿಂಪಿಗರು ದರ್ಶನಕ್ಕೆ ಬಂದಿದ್ದರು. ಐವತ್ತು ವರ್ಷ ಹೊಲಿಗೆಯಲ್ಲೇ ಕಳೆದವರು, ಅಕ್ಷರ ಬಲ್ಲವರಲ್ಲ. ವಿಷಯ ಕೇಳಿ, "ಬುದ್ಧಿ, ಮಶೀನಿನ ತಲಿ ಅಷ್ಟ ಬಿಚ್ಚಿ ತರಸ್ರಿ" ಎಂದರು. ಯಂತ್ರ ಬಂತು. ಅವರು ಮೊದಲು ಮಾಡಿದ್ದೇನು? ಸ್ಕ್ರೂ ಮುಟ್ಟಲಿಲ್ಲ. ದಾರವನ್ನೆಲ್ಲ ತೆಗೆದುಹಾಕಿ, ಬರಿಯ ಚಕ್ರವನ್ನು ತಮ್ಮ ಕಡೆಗೆ ಮೆಲ್ಲಗೆ ತಿರುಗಿಸುತ್ತ ಕಣ್ಣು ಮುಚ್ಚಿ ಕೇಳಿದರು. ಚಕ್ರ ಸದಾ ಹೊಲಿಯುವವರ ಕಡೆಗೇ ತಿರುಗಬೇಕು. ಹೊಸಬರು ತುಳಿಯುವಾಗ ಅದು ಹಿಂದಕ್ಕೆ ತಿರುಗಿ ದಾರ ಸಿಕ್ಕುಬೀಳುವುದೇ ಹೆಚ್ಚು. ಇಲ್ಲಿ ಚಕ್ರ ಜಡವಾಗಿತ್ತು. "ಯಾವ ಎಣ್ಣಿ ಹಾಕೀಯವ್ವಾ?" ಎಂದರು. "ಮೊದಲಿನವರು ಕೊಬ್ಬರಿ ಎಣ್ಣಿ ಹಾಕ್ತಿದ್ರಂತರಿ" ಎಂದಳು. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಕಾಲಾನಂತರದಲ್ಲಿ ಗಟ್ಟಿಯಾಗಿ ಅಂಟಿನಂತಾಗುತ್ತವೆ. ಎಣ್ಣೆಯ ತೂತುಗಳಲ್ಲಿ ಎರಡೆರಡು ಹನಿ ಸೀಮೆಎಣ್ಣೆ ಬಿಟ್ಟು, ಚಕ್ರ ತಿರುಗಿಸಿ, ಹೊರಬಂದ ಕಪ್ಪು ಜಿಡ್ಡನ್ನು ಒರೆಸಿ, ಆಮೇಲೆ ಮಶೀನಿನ ಎಣ್ಣೆ ಒಂದೊಂದು ಹನಿ ಹಾಕಿದರು. ಇದನ್ನು ಒಲೆಯಿಂದ ದೂರ ಕುಳಿತು ಮಾಡಬೇಕು, ತಾಯಂದಿರೇ. ಚಕ್ರ ಹಗುರಾಯಿತು.

ಆಮೇಲೆ ಸೂಜಿ. ಕೈಸೂಜಿಗೆ ಕಣ್ಣು ಹಿಂದೆ, ಮಶೀನಿನ ಸೂಜಿಗೆ ಕಣ್ಣು ಮೊನೆಯ ಹತ್ತಿರ. ಇದೇ ಆ ಯಂತ್ರದ ಜೀವ. ಅಮೇರಿಕದ ಎಲಿಯಾಸ್ ಹೋವ್ ಎಂಬವನು 1846ರಲ್ಲಿ ಇಂಥ ಸೂಜಿಯಿಂದ ಎರಡು ದಾರಗಳ ಹೊಲಿಗೆ ಹಾಕುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಸಿಂಗರನದು 1851ರಲ್ಲಿ ಬಂತು. ಯಂತ್ರಗಳನ್ನು ಅಷ್ಟಾಗಿ ಒಪ್ಪದ ಮಹಾತ್ಮಾ ಗಾಂಧಿಯವರು ಕೂಡ 1924ರಲ್ಲಿ ಹೊಲಿಗೆ ಯಂತ್ರವನ್ನು ಮಾತ್ರ ಅಪವಾದವೆಂದು ಮೆಚ್ಚಿದರು. ಹೆಂಡತಿಯ ಕಷ್ಟ ನೋಡಲಾರದೆ ಸಿಂಗರ್ ಅದನ್ನು ಮಾಡಿದನೆಂದು ಅವರು ಹೇಳಿದ್ದುಂಟು. ಹೋವನ ಹೆಸರು ಆ ಮಾತಿನಲ್ಲಿ ಬರಲಿಲ್ಲ, ಲೋಕದಲ್ಲಿ ಹೀಗಾಗುವುದುಂಟು. ಇರಲಿ. ಸೂಜಿ ಅರಿವೆಯ ಕೆಳಗೆ ಇಳಿದು ತುಸುವೇ ಮೇಲೇಳುವಾಗ ದಾರ ಒಂದು ಸಣ್ಣ ಕುಣಿಕೆಯಾಗಿ ಉಬ್ಬುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಶಟಲ್ಲಿನ ಮೂತಿ ಬಂದು ಕುಣಿಕೆಯನ್ನು ಹಿಡಿದು, ಬಾಬಿನ್ನಿನ ದಾರವನ್ನು ಸುತ್ತಿಸಿ ಬಿಡುತ್ತದೆ. ಸೂಜಿ ಕೂದಲೆಳೆಯಷ್ಟು ಡೊಂಕಾದರೂ ಮೂತಿಗೆ ಕುಣಿಕೆ ಸಿಕ್ಕದು, ಹೊಲಿಗೆ ತಪ್ಪುತ್ತದೆ.

ಸಿಂಪಿಗರು ಹಳೆಯ ಸೂಜಿಯನ್ನು ಕನ್ನಡಿಯ ಮೇಲೆ ಮಲಗಿಸಿ ತೋರಿಸಿದರು. ಮೊನೆಯ ಕಡೆ ಬೆಳಕಿನ ಗೆರೆ ಓರೆಯಾಗಿತ್ತು. ಹೊಸ ಸೂಜಿ ಹಾಕಿದರು. ಅದರ ತಲೆಯ ಒಂದು ಬದಿ ಚಪ್ಪಟೆ, ಇನ್ನೊಂದು ಬದಿಯಲ್ಲಿ ಮೊನೆಯವರೆಗೆ ಉದ್ದನೆಯ ಗಾಡಿ. ಚಪ್ಪಟೆ ಬದಿ ಶಟಲ್ಲಿನ ಮೂತಿ ಹಾದುಹೋಗುವ ಕಡೆಗಿರಬೇಕು, ಗಾಡಿಯ ಕಡೆಯಿಂದ ದಾರ ಪೋಣಿಸಬೇಕು, ಸೂಜಿ ಮೇಲಕ್ಕೆ ತಾಗುವತನಕ ಏರಿರಬೇಕು. ಕೆಲವು ಯಂತ್ರಗಳಲ್ಲಿ ದಾರ ಎಡದಿಂದ, ಕೆಲವದರಲ್ಲಿ ಬಲದಿಂದ. ಆದ್ದರಿಂದ ನೆರೆಮನೆಯವರ ಮಶೀನು ನೋಡಿ ಪೋಣಿಸಬೇಡಿರಿ, ನಿಮ್ಮ ಸೂಜಿಯ ಗಾಡಿ ನೋಡಿ ಪೋಣಿಸಿರಿ. ಸಾಧಾರಣ ಹತ್ತಿಯ ಅರಿವೆಗೆ 14ನೆಯ ನಂಬರು, ದಪ್ಪದಕ್ಕೆ 16, ತೆಳುವಿಗೆ 11.

ಇಷ್ಟಾದ ಮೇಲೆ ಒಂದು ಗೆರೆ ಹೊಲಿದು ನೋಡಿದರು. ಹೊಲಿಗೆ ತಪ್ಪುವುದು ನಿಂತಿತ್ತು, ಗಂಟು ನಿಂತಿರಲಿಲ್ಲ. ಆ ತಂಗಿಗೆ ಅವಸರ. "ಎಲ್ಲಾ ಒಮ್ಮೆಲೆ ಬಿಚ್ಚಿ ಬಿಡ್ರಿ ಯಜ್ಜಾ" ಎಂದಳು. ಅವರು, "ಒಂದ ಮುಟ್ಟಬೇಕವ್ವಾ, ಒಂದ ಹೊಲೀಬೇಕು. ನಾಕು ಒಮ್ಮೆ ಮುಟ್ಟಿದ್ರ ಯಾವುದರಿಂದ ಛಲೋ ಆತು ಅಂತ ಹೆಂಗ ತಿಳೀತದ?" ಎಂದರು. ನಮಗೆ ಮೈ ಝುಂ ಎಂದಿತು. ಶಾಸ್ತ್ರದಲ್ಲಿ ಇದನ್ನೇ ಅನ್ವಯ–ವ್ಯತಿರೇಕವೆನ್ನುತ್ತಾರೆ: ಇದು ಇದ್ದರೆ ಅದು ಇರುವುದು, ಇದು ಇಲ್ಲದಿದ್ದರೆ ಅದು ಇಲ್ಲದಿರುವುದು. ನಮ್ಮ ಬಾಯಲ್ಲಿ ಇದ್ದದ್ದು ಅವರ ಕೈಯಲ್ಲಿತ್ತು. ನಮ್ಮ ಊರಿನ ಮಗ್ಗುಲಿಗಿರುವ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆಸಿದಾಗ, ಆದಿಮಾನವರು ಸುಣ್ಣದ ಕಲ್ಲಿನಿಂದ ಕೈಗೊಡಲಿ ಮಾಡಿಕೊಳ್ಳುತ್ತಿದ್ದ ಜಾಗ ಸಿಕ್ಕಿತು. ಹತ್ತು ಲಕ್ಷ ವರ್ಷಕ್ಕೂ ಹಿಂದಿನದೆಂದು ಎಣಿಕೆ ಮಾಡಿದ್ದಾರೆ. ಒಂದು ಏಟು ಹಾಕುವುದು, ತಿರುವಿ ನೋಡುವುದು, ಮತ್ತೊಂದು ಏಟು ಹಾಕುವುದು: ಅವರೂ ಹೀಗೆಯೇ ಮಾಡಿರಬೇಕೆಂದು ನಮಗೆ ಅಂದು ತೋರಿತು.

ಮುಂದೆ ಆ ಹಿರಿಯರು ಮಾಡಿದ್ದನ್ನು ತಾಯಂದಿರು ಚೆನ್ನಾಗಿ ನೆನಪಿಡಬೇಕು. ಮೇಲೆ ಕೆಂಪು ದಾರ, ಕೆಳಗೆ ಬಾಬಿನ್ನಿನಲ್ಲಿ ಬಿಳಿ ದಾರ ಹಾಕಿ ಹೊಲಿದರು. ತಿರುವಿ ತೋರಿಸಿದರೆ ಕೆಳಗಿನ ಗುಂಗುರೆಲ್ಲ ಕೆಂಪು! ಅಂದರೆ ಕೆಳಗೆ ಗಂಟಾಗಿದ್ದದ್ದು ಮೇಲಿನ ದಾರ. ಎರಡು ದಾರಗಳು ಅರಿವೆಯ ನಡುವೆ ಒಂದನ್ನೊಂದು ಸಮನಾಗಿ ಜಗ್ಗಿ ನಿಲ್ಲಬೇಕು. ಮೇಲಿನದು ಸಡಿಲಾದರೆ ಕೆಳಗಿನದು ಅದನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ. ನಾವು ಕೆಳಗಿನದನ್ನು ಬಿಗಿ ಮಾಡಿಸಿ ಆ ಎಳೆತವನ್ನೇ ಹೆಚ್ಚಿಸಿದ್ದೆವು. ಅರಿವೆಯ ಮೇಲ್ಬದಿಗೆ ಬಿಳಿ ದಾರ ಎದ್ದು ಬಂದಿದ್ದರೆ ಮಾತು ಬೇರೆ. ಆಗ ಮೇಲಿನದು ಅತಿ ಬಿಗಿ, ಇಲ್ಲವೆ ಕೆಳಗಿನದು ಸಡಿಲು.

ಮೇಲಿನ ದಾರ ಏಕೆ ಸಡಿಲಾಯಿತು? ಅರಿವೆಯನ್ನು ಒತ್ತುವ ಕಾಲು ಕೆಳಗಿದ್ದಾಗ ಟೆನ್ಷನ್ನಿನ ಎರಡು ತಟ್ಟೆಗಳು ದಾರವನ್ನು ಬಿಗಿ ಹಿಡಿಯಬೇಕು. ಕಾಲು ಎತ್ತಿದಾಗ ಬಿಡಬೇಕು. ಇಲ್ಲಿ ಕಾಲು ಇಳಿಸಿದರೂ ದಾರ ನೀರಿನಂತೆ ಜಾರುತ್ತಿತ್ತು. ಕಾಲು ಎತ್ತಿ, ಸೀಮೆಎಣ್ಣೆಯಲ್ಲಿ ಅದ್ದಿದ ತೆಳ್ಳನೆಯ ಪಟ್ಟಿಯನ್ನು ತಟ್ಟೆಗಳ ನಡುವೆ ಹಾಯಿಸಿ ಎಳೆದರು. ಹೆಸರುಕಾಳಿನಷ್ಟು ಗಟ್ಟಿಯಾದ ನೂಲಿನ ಧೂಳು ಹೊರಬಿತ್ತು! ಎಷ್ಟು ವರ್ಷದ್ದೋ ಏನೋ. ಅದು ತಟ್ಟೆಗಳು ಕೂಡದಂತೆ ನಡುವೆ ಕುಳಿತಿತ್ತು. ಅವಳಿಗೆ ಕಾಲು ಇಳಿಸಿಯೇ ದಾರ ಹಾಕುವ ರೂಢಿಯೂ ಇತ್ತು; ಹಾಗೆ ಹಾಕಿದರೆ ದಾರ ತಟ್ಟೆಗಳ ಒಳಗೆ ಹೋಗದೆ ಅಂಚಿನಲ್ಲಿ ಕೂಡುತ್ತದೆ. ಕಾಲು ಎತ್ತಿಯೇ ದಾರ ಹಾಕಬೇಕು.

ನಾವು ಕೆಡಿಸಿದ್ದು ಬಾಕಿ ಇತ್ತು. ಬಾಬಿನ್ ಡಬ್ಬಿಯ ಪಟ್ಟಿಯ ಕೆಳಗೆ ಸಿಕ್ಕಿದ್ದ ಎಳೆಯನ್ನು ತೆಗೆದು, ದಾರದ ತುದಿ ಹಿಡಿದು ಡಬ್ಬಿಯನ್ನು ತೂಗುಬಿಟ್ಟರು. ಅದು ತಾನಾಗಿ ಜಾರಬಾರದು. ಕೈ ಕೊಂಚ ಜಗ್ಗಿದರೆ ಗೇಣಷ್ಟು ಇಳಿದು ನಿಲ್ಲಬೇಕು. ಇಲ್ಲಿ ಜಗ್ಗಿದರೂ ಕದಲಲಿಲ್ಲ. ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿ, ತೂಗಿ, ಮತ್ತೆ ಕಾಲು ಸುತ್ತು ಸಡಿಲಿಸಿ ಹದಕ್ಕೆ ತಂದರು. "ಯಾರ ಬಿಗಿ ಮಾಡ್ಯಾರೋ, ಎಷ್ಟು ಸುತ್ತು ತಿರುವೇನಿ ಅಂತ ನೆನಪಿಟ್ಟಿದ್ರ ಇಷ್ಟು ತ್ರಾಸ ಇರತಿದ್ದಿಲ್ಲ" ಎಂದು ಗೊಣಗಿದರು. ನಾವು ಅಲ್ಲಿಯೇ ಕುಳಿತಿದ್ದೆವು. ಆ ತಂಗಿ ನೆಲ ನೋಡುತ್ತ ಸುಮ್ಮನಿದ್ದಳು, ಪುಣ್ಯಾತ್ಮಳು. "ಅದನ್ನು ಬಿಗಿ ಮಾಡಿಸಿದವರು ನಾವೇ" ಎಂದೆವು. ಮುದುಕರು ಗಾಬರಿಯಾಗಿ ಕೈ ಮುಗಿದರು. ಕೈ ಮುಗಿಯಬೇಕಾದವರು ನಾವಾಗಿದ್ದೆವು.

ಮತ್ತೆ ಹೊಲಿದರು. ಮೇಲೆ ಕೆಂಪು, ಕೆಳಗೆ ಬಿಳಿ, ಎರಡೂ ಕಡೆ ಸಾಲು ನೆಟ್ಟಗೆ. ಹಲ್ಲುಗಳ ಸಂದಿಯ ಕಸ ತೆಗೆಯುವುದು, ಸಡಿಲಾದ ತೊಗಲಿನ ಬೆಲ್ಟನ್ನು ತುಸು ಕತ್ತರಿಸಿ ಕೂಡಿಸುವುದು, ಇವು ಸಣ್ಣ ಕೆಲಸಗಳು, ಸಂಜೆಯೊಳಗಾದವು. ಶಾಲೆ ತೆರೆದ ದಿನ 15 ಮಕ್ಕಳು ಹೊಸ ಅಂಗಿ ತೊಟ್ಟರು. ಉಳಿದ 3 ಅಂಗಿಗಳು ಎರಡು ದಿನ ತಡವಾದವು.

ಎಲ್ಲ ಹಳೆಯ ಯಂತ್ರವೂ ಹೀಗೆ ಸರಿಯಾಗುವುದೆಂದು ನಾವು ಹೇಳುವುದಿಲ್ಲ. ಕಬ್ಬಿಣದ ಮೈ ಬಿರಿದಿದ್ದರೆ, ಸೂಜಿ ಹಿಡಿದ ಸರಳು ಅತ್ತಿತ್ತ ಅಲುಗುತ್ತಿದ್ದರೆ ಕೊಳ್ಳಲೇಬೇಡಿರಿ. ಸೂಜಿಗೂ ಶಟಲ್ಲಿಗೂ ವೇಳೆ ತಪ್ಪಿದ್ದರೆ ಮೆಕ್ಯಾನಿಕ್ಕರ ಕೈಗೇ ಕೊಡಬೇಕು. ಶಟಲ್ಲಿನ ಮೂತಿ ಸವೆದಿದ್ದರೆ ಮಾತ್ರ ಹೆದರಬೇಕಾಗಿಲ್ಲ; ಈ ಕರಿ ಮಶೀನುಗಳಲ್ಲಿ ಹೆಚ್ಚಿನವು ಸಿಂಗರನ ಒಂದೇ ಹಳೆಯ ಮಾದರಿಯ ಪ್ರತಿಗಳಾದ್ದರಿಂದ, ಒಂದರ ಶಟಲ್ಲು, ಬಾಬಿನ್ನು ಬಹುಮಟ್ಟಿಗೆ ಮತ್ತೊಂದಕ್ಕೆ ಕೂಡುತ್ತವೆ. ಕೊಳ್ಳಲು ಹೋಗುವಾಗ ನಿಮ್ಮದೇ ಅರಿವೆ, ನಿಮ್ಮದೇ ಹೊಸ ಸೂಜಿ, ಎರಡು ಬಣ್ಣದ ದಾರ ಒಯ್ದು, ದುಡ್ಡು ಎಣಿಸುವುದಕ್ಕೆ ಮೊದಲು ನಾಲ್ಕು ಪದರು ಹೊಲಿದು ನೋಡಿರಿ.

ಆ ಹಿರಿಯರು ಬರುವ ಅಮಾವಾಸ್ಯೆಯಂದು ಮತ್ತೆ ಮಠಕ್ಕೆ ಬರುವವರಿದ್ದಾರೆ. ಮಶೀನು ಕೆಟ್ಟು ಮೂಲೆಗಿಟ್ಟವರು ಅದರ ತಲೆಯನ್ನಷ್ಟೇ ಬಿಚ್ಚಿಕೊಂಡು ಪ್ರಸಾದದ ವೇಳೆಗೆ ಮುಂಚೆ ಬರಬೇಕು. ಬರುವಾಗ ಅದು ಹೊಲಿದ ಕೆಟ್ಟ ತುಂಡನ್ನೂ ತನ್ನಿರಿ, ಅವರು ಮೊದಲು ಅದನ್ನೇ ಕೇಳುತ್ತಾರೆ. ಅಲ್ಲಿಯವರೆಗೆ ಯಾವ ಸ್ಕ್ರೂವನ್ನೂ ಮುಟ್ಟಬೇಡಿರಿ, ನಾವು ಹೇಳಿದರೂ ಮುಟ್ಟಬೇಡಿರಿ.