ಪೋಷಕರ ಕಾಯಿಲೆ, ಮಕ್ಕಳ ನಿದ್ದೆ

(ಸಂಘದ ವಾರ್ಷಿಕ ಸಭೆಯ ಅಂಗವಾಗಿ ಕಟ್ಟಾಯದಲ್ಲಿ ಮಾಡಿದ ಭಾಷಣ)

 

ವಿದ್ಯಾರ್ಥಿವೇತನ ಹಂಚುವ ದಿನ ಕಾಯಿಲೆಯ ಮಾತು ಯಾಕೆ ಎಂದು ಕೆಲವರಿಗೆ ಅನಿಸಬಹುದು. ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ನಾವು ಟ್ಯೂಷನ್ ಹಾಕಿಸುತ್ತೇವೆ, ನೋಟ್ಸ್ ಕೊಡಿಸುತ್ತೇವೆ. ರಾತ್ರಿ ಎಷ್ಟು ಹೊತ್ತು ಮಲಗಿದ್ದೆ ಎಂದು ಕೇಳುವವರು ಕಡಿಮೆ.

ನಮ್ಮ ಅಬ್ಬಾ ಆಲೂಗಡ್ಡೆ ವ್ಯಾಪಾರ ಮಾಡುತ್ತಿದ್ದರು. ವರ್ಷದಲ್ಲಿ ಒಂದೆರಡು ಸಲ ಅವರಿಗೆ ನಿದ್ದೆಯೇ ಬೇಡವಾಗುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಲೆಕ್ಕದ ಪುಸ್ತಕ ಹರಡಿಕೊಂಡು, ಲಾರಿ ಕೊಳ್ಳುವ ಮಾತಾಡುತ್ತ ಮನೆಯವರನ್ನೆಲ್ಲ ಎಬ್ಬಿಸುತ್ತಿದ್ದರು. ಕೆಲವು ವಾರಗಳಾದ ಮೇಲೆ ಅದೇ ಮನುಷ್ಯ ಗೋಡೆ ಕಡೆ ಮುಖ ಮಾಡಿ ಮಲಗಿದರೆ ಏಳುತ್ತಿರಲಿಲ್ಲ. ಗಾಳಿ ಸೋಕಿದೆ ಎಂದರು ಕೆಲವರು, ಸೋಮಾರಿ ಎಂದರು ಕೆಲವರು. ಅದಕ್ಕೆ ಬೈಪೋಲಾರ್ ಕಾಯಿಲೆ ಎಂಬ ಹೆಸರಿದೆ ಎಂದು ಗೊತ್ತಾಗಲು ನಮಗೆ ಬಹಳ ವರ್ಷ ಬೇಕಾಯಿತು.

ಅಬ್ಬಾ ಕತ್ತಲಲ್ಲಿ ಹೊರಟುಹೋದಾರೆಂದು ಅಮ್ಮಿ ನನ್ನನ್ನು ಬಾಗಿಲಿಗೆ ಅಡ್ಡವಾಗಿ ಮಲಗಿಸುತ್ತಿದ್ದರು. ಆಗ ನನಗೆ ಹನ್ನೊಂದು ವರ್ಷ. ಚಿಲಕದ ಸದ್ದಾದರೆ ಎಚ್ಚರ. ಮರುದಿನ ತರಗತಿಯಲ್ಲಿ ತೂಕಡಿಸಿದರೆ ಬೆಂಚಿನ ಮೇಲೆ ನಿಲ್ಲಬೇಕು. ಮುಂದೆ ನಾನೂ ವಿಜ್ಞಾನದ ಮೇಷ್ಟ್ರಾದೆ. ತೂಕಡಿಸಿದ ಒಬ್ಬ ಹುಡುಗಿಯನ್ನು ನಾನೂ ನಿಲ್ಲಿಸಿದ್ದೇನೆ. ಅವಳ ಮನೆಯಲ್ಲೂ ಇದೇ ಕಥೆ ಎಂದು ತಿಳಿದದ್ದು ಅವಳು ಶಾಲೆ ಬಿಟ್ಟ ಮೇಲೆ.

ಇನ್ನು ವಿಷಯಕ್ಕೆ ಬರೋಣ. ಹುಣಸೆ ಎಲೆ ಸಂಜೆಗೆ ಮಡಚಿಕೊಳ್ಳುವುದನ್ನು ನೀವೆಲ್ಲ ಕಂಡಿದ್ದೀರಿ. ಬಿಸಿಲು ಹೋಯಿತೆಂದು ಮಡಚುತ್ತದೆ ಎಂದುಕೊಳ್ಳುತ್ತೇವೆ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬ ವಿಜ್ಞಾನಿ ಹೀಗೆಯೇ ಎಲೆ ಮಡಚುವ ಒಂದು ಗಿಡವನ್ನು ಕತ್ತಲಲ್ಲಿಟ್ಟು ನೋಡಿದ. ಬೆಳಕಿಲ್ಲದಿದ್ದರೂ ಅದು ಹೊತ್ತಿಗೆ ಸರಿಯಾಗಿ ಎಲೆ ತೆರೆಯುತ್ತಿತ್ತು. ಅಂದರೆ ಗಡಿಯಾರ ಒಳಗೇ ಇದೆ. ನಮಗೂ ಮಿದುಳಿನಲ್ಲಿ ಅಂಥ ಗಡಿಯಾರವಿದೆ. ನಿದ್ದೆ, ಹಸಿವು, ಮೈಬಿಸಿ ಎಲ್ಲಕ್ಕೂ ಅದು ವೇಳೆ ಹೇಳುತ್ತದೆ, ಬೆಳಗಿನ ಬೆಳಕು ದಿನವೂ ಅದನ್ನು ಸರಿಮಾಡುತ್ತದೆ. ನೊಣಗಳಲ್ಲಿ ಈ ಗಡಿಯಾರದ ಜೀನ್‌ಗಳನ್ನು ಬಿಡಿಸಿ ತೋರಿಸಿದ ಮೂವರು ಅಮೆರಿಕನ್ನರಿಗೆ 2017ರಲ್ಲಿ ನೊಬೆಲ್ ಬಂತು. ದೂರದ ಮಾತೇ ಬೇಡ, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ನೊಣಗಳ ಮೇಲೆ ಇದೇ ಅಧ್ಯಯನ ನಡೆದಿದೆ. ವಿಜ್ಞಾನ ಓದುವ ಮಕ್ಕಳು ಇದನ್ನು ನೆನಪಿಡಿ.

ಬೈಪೋಲಾರ್ ಇರುವವರಲ್ಲಿ ಈ ಗಡಿಯಾರ ಸುಲಭವಾಗಿ ಹಳಿ ತಪ್ಪುತ್ತದೆ. ಒಂದೆರಡು ರಾತ್ರಿ ನಿದ್ದೆಗೆಟ್ಟರೂ ಉನ್ಮಾದ ಏರಬಹುದು. 1949ರಿಂದ ಬಳಕೆಗೆ ಬಂದ ಲಿಥಿಯಂ ಔಷಧಿ ಈ ಗಡಿಯಾರದ ಮೇಲೂ ಕೆಲಸ ಮಾಡುತ್ತದೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ.

ಮಕ್ಕಳ ಗತಿಯೇನು? ಸಾಮಾನ್ಯ ಜನರಲ್ಲಿ ಈ ಕಾಯಿಲೆ ನೂರಕ್ಕೆ ಸುಮಾರು ಒಬ್ಬರಿಗೆ. ತಂದೆಗೋ ತಾಯಿಗೋ ಇದ್ದರೆ ಮಕ್ಕಳಲ್ಲಿ ನೂರಕ್ಕೆ ಐದರಿಂದ ಹತ್ತು. ಹೆಣ್ಣು ನೋಡಲು ಬಂದವರು ಮೊದಲ ಅಂಕಿ ಹಿಡಿದು ಓಡಿಹೋಗುತ್ತಾರೆ. ಉಳಿದ ತೊಂಬತ್ತು ಮಕ್ಕಳಿಗೆ ಅದು ಬರುವುದಿಲ್ಲ ಎಂಬುದನ್ನೂ ದಯವಿಟ್ಟು ಎಣಿಸಿ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಇಂಥ ಪೋಷಕರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ನಡುರಾತ್ರಿ ಪದೇ ಪದೇ ಏಳುವವರು, ನಿದ್ದೆ ಸಾಲದು ಎನ್ನುವವರು, ಇಂಥವರಲ್ಲಿ ಮುಂದೆ ಕಾಯಿಲೆ ಕಾಣಿಸಿದ್ದು ಹೆಚ್ಚು ಎಂದು 2015ರಲ್ಲಿ ವರದಿ ಮಾಡಿದರು. ನಿದ್ದೆಗೆಟ್ಟದ್ದೇ ಕಾಯಿಲೆ ತಂದಿತು ಎಂದು ಇದರರ್ಥವಲ್ಲ. ನಮ್ಮ ನಿಮ್ಹಾನ್ಸ್ ಕೂಡ ಎನ್‌ಸಿಬಿಎಸ್ ಜೊತೆ ಸೇರಿ, ಒಂದೇ ಮನೆಯಲ್ಲಿ ಹಲವರಿಗೆ ಮಾನಸಿಕ ಕಾಯಿಲೆ ಇರುವ ಕುಟುಂಬಗಳನ್ನು, ಆರೋಗ್ಯವಾಗಿರುವ ಬಂಧುಗಳನ್ನೂ ಸೇರಿಸಿ ಅಧ್ಯಯನ ಮಾಡುತ್ತ ಬಂದಿದೆ.

ಹಾಗೆಂದು ತಡವಾಗಿ ಮಲಗುವ ಹುಡುಗನನ್ನೆಲ್ಲ ರೋಗಿ ಎನ್ನಬೇಡಿ. ಹದಿಹರೆಯದಲ್ಲಿ ಗಡಿಯಾರ ತಾನಾಗಿಯೇ ಹಿಂದೆ ಸರಿಯುತ್ತದೆ. ಹದಿಮೂರರಿಂದ ಹದಿನೆಂಟರವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು, ಎಸ್ಸೆಸ್ಸೆಲ್ಸಿ ವರ್ಷದಲ್ಲೂ. ಗಮನಿಸಬೇಕಾದ ವ್ಯತ್ಯಾಸ ಬೇರೆ. ಚಿಂತೆಯಿಂದ ನಿದ್ದೆ ಬಾರದ ಮಗು ಬೆಳಿಗ್ಗೆ ಸೋತಿರುತ್ತದೆ. ಮೂರು ಗಂಟೆ ಮಲಗಿಯೂ ದಣಿವಿಲ್ಲದೆ, ಮಾತು ಜಾಸ್ತಿಯಾಗಿ, ಸಿಟ್ಟು ಜಾಸ್ತಿಯಾಗಿ, ದೊಡ್ಡ ದೊಡ್ಡ ಯೋಜನೆ ಹಾಕುತ್ತ ದಿನಗಟ್ಟಲೆ ಓಡಾಡಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮೆಡಿಕಲ್ ಸ್ಟೋರಿನಿಂದ ನಿದ್ದೆ ಮಾತ್ರೆ ತಂದು ಕೊಡುವುದು ಮಾತ್ರ ಬೇಡ.

ಮಗುವಿನ ನಿದ್ದೆಗೆ ಮೊದಲ ಮದ್ದು ಪೋಷಕರ ಚಿಕಿತ್ಸೆಯೇ. ದುವಾ ಮಾಡಿಸಿ, ಯಾರು ಬೇಡವೆಂದರು? ಮಾತ್ರೆ ನಿಲ್ಲಿಸಬೇಡಿ. ಕಾಯಿಲೆ ಏರಿದ ದಿನಗಳಲ್ಲಿ ರಾತ್ರಿ ಕಾವಲಿಗೆ ಚಿಕ್ಕಪ್ಪನೋ ಮಾವನೋ ಪಕ್ಕದ ಮನೆಯ ಹಿರಿಯರೋ ಬರಲಿ, ಮಗು ಬೇರೆ ಕೋಣೆಯಲ್ಲಿ ಮಲಗಲಿ. ಮಲಗುವ ಹೊತ್ತು ಹೆಚ್ಚುಕಡಿಮೆಯಾದರೂ ಏಳುವ ಹೊತ್ತು ದಿನವೂ ಒಂದೇ ಇರಲಿ, ಎದ್ದ ಕೂಡಲೇ ಅಂಗಳಕ್ಕೆ ಬರಲಿ. ಮೊಬೈಲು ಅಡುಗೆಮನೆಯಲ್ಲಿ ಚಾರ್ಜಿಗಿರಲಿ. ನಮ್ಮಲ್ಲಿ ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಬಂದರೆ ನೀರು ಹಾಯಿಸಲು ಮಕ್ಕಳನ್ನೂ ಎಬ್ಬಿಸುತ್ತಾರೆ. ಇಂಥ ಮನೆಗಳಲ್ಲಿ ಅದೂ ಬೇಡ.

ರಂಜಾನ್ ಬಗ್ಗೆ ಒಂದು ಮಾತು. ತರಾವೀಹ್, ಸಹರಿ ಎಂದು ಆ ತಿಂಗಳು ಎಲ್ಲರ ನಿದ್ದೆ ತುಂಡಾಗುತ್ತದೆ. ಆರೋಗ್ಯವಂತರು ಮಧ್ಯಾಹ್ನ ಒಂದು ಗಳಿಗೆ ಮಲಗಿ ಸುಧಾರಿಸಿಕೊಳ್ಳುತ್ತಾರೆ. ಬೈಪೋಲಾರ್ ಇರುವವರು ತಿಂಗಳಿಗೆ ಮುಂಚೆಯೇ ವೈದ್ಯರನ್ನು ಕೇಳಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ಲಿಥಿಯಂ ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು. ರೋಗಿಗೆ ದೀನ್ ಕೊಟ್ಟಿರುವ ರಿಯಾಯಿತಿ ಮನಸ್ಸಿನ ಕಾಯಿಲೆಗೂ ಇದೆ. ಸಕ್ಕರೆ ಕಾಯಿಲೆಯವರಿಗೆ ಹೇಳುವ ನಾವು ಇವರಿಗೆ ಹೇಳಲು ನಾಚುತ್ತೇವೆ.

ಎಲ್ಲಿಗೆ ಹೋಗಬೇಕು? ಹಾಸನದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಬಸ್ಸು ಹತ್ತುವ ಮೊದಲು ಮಾತಾಡಬೇಕೆಂದರೆ 2022ರಲ್ಲಿ ಶುರುವಾದ ಟೆಲಿ ಮಾನಸ್, ನಂಬರು 14416. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ನನ್ನ ಸಮಯ ಮುಗಿಯಿತೆಂದು ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಪ್ರಶ್ನೆ ಇದ್ದವರು ಕೇಳಿ. ಮೈಕಿನಲ್ಲಿ ಬೇಡ ಎನ್ನುವವರು, ಮುಖ್ಯವಾಗಿ ಮಕ್ಕಳು, ಊಟವಾದ ಮೇಲೆ ಆ ಹುಣಸೆಮರದ ಕೆಳಗೆ ಬನ್ನಿ. ನಾನು ಸಂಜೆ ಬಸ್ಸಿನ ತನಕ ಅಲ್ಲೇ ಕೂತಿರುತ್ತೇನೆ.